ಬಾಗಿಲಿಗೆ ಬಂದೂಕು ತರಿಸುವ ಸುಳ್ಳು ಕರೆ: ಸ್ವಾಟಿಂಗ್‌ನಿಂದ ಮನೆಯವರನ್ನು ಕಾಪಾಡಿಕೊಳ್ಳುವುದು ಹೇಗೆ?

ಬ್ರಯಾನ್ ಕ್ರೆಬ್ಸ್ ಸೈಬರ್ ಅಪರಾಧಗಳ ಜಾಡು ಹಿಡಿದು ಬರೆಯುವ ಅಮೆರಿಕದ ಪತ್ರಕರ್ತ. 2013ರ ಮಾರ್ಚ್ 14ರ ಸಂಜೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿರುವ ಅವರ ಮನೆಗೆ ಕೆಲವರು ಊಟಕ್ಕೆ ಬರುವವರಿದ್ದರು. ಕ್ರೆಬ್ಸ್ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಮನೆ ಚೊಕ್ಕಟ ಮಾಡುತ್ತಿದ್ದರು. ನಡುವೆ ಫೋನ್ ಬಂತು, ಗಡಿಬಿಡಿಯಲ್ಲಿ ಎತ್ತಲಿಲ್ಲ. ಮುಂಬಾಗಿಲಿಗೆ ಅಂಟಿಕೊಂಡಿದ್ದ ಟೇಪು ಕೀಳೋಣವೆಂದು ಬಾಗಿಲು ತೆಗೆದರೆ, ‘ಅಲ್ಲಾಡಬೇಡ, ಕೈ ಮೇಲೆತ್ತು’ ಎಂಬ ಕೂಗು. ಮನೆಯ ಸುತ್ತ ಪೊಲೀಸ್ ಕಾರುಗಳು, ಎಲ್ಲ ಬಂದೂಕುಗಳೂ ತಮ್ಮ ಕಡೆಗೇ. ಹೇಳಿದಂತೆ ನಡೆದರು, ಕೈಗೆ ಕೋಳ ಬಿತ್ತು.

ಆಗಿದ್ದು ಇಷ್ಟು. ಯಾರೋ ಕ್ರೆಬ್ಸ್ ಹೆಸರಿನಲ್ಲೇ ತುರ್ತು ಸೇವೆಗೆ ಕರೆ ಮಾಡಿ, ‘ರಷ್ಯಾದವರು ಮನೆಗೆ ನುಗ್ಗಿ ನನ್ನ ಹೆಂಡತಿಗೆ ಗುಂಡು ಹೊಡೆದಿದ್ದಾರೆ’ ಎಂದಿದ್ದರು. ಕರೆ ಕ್ರೆಬ್ಸ್ ಅವರದೇ ಮೊಬೈಲಿನಿಂದ ಬಂದಂತೆ ಕಾಣುವ ಹಾಗೆ ಮಾಡಿದ್ದರು. ಅವರು ಎತ್ತದೆ ಬಿಟ್ಟ ಫೋನ್, ನಿಜ ತಿಳಿಯಲು ಪೊಲೀಸರೇ ಮಾಡಿದ್ದ ಕರೆ. ಕೋಳ ಹಾಕಿಸಿಕೊಂಡೇ ಕ್ರೆಬ್ಸ್ ಒಂದು ಮಾತು ಹೇಳಿದರು: ಹೀಗೆ ಆಗಬಹುದೆಂದು ಆರೇಳು ತಿಂಗಳ ಹಿಂದೆಯೇ ನಿಮ್ಮ ಇಲಾಖೆಗೆ ದೂರು ಕೊಟ್ಟಿದ್ದೇನೆ. ಆ ದೂರು ಕೊಟ್ಟವರು ನೀವೇನಾ ಎಂದು ಅಧಿಕಾರಿಯೊಬ್ಬರು ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಕೋಳ ಬಿಚ್ಚಿದರು.

ಇದೇ ಸ್ವಾಟಿಂಗ್. ಒತ್ತೆಯಾಳು ಪ್ರಕರಣ, ಗುಂಡಿನ ದಾಳಿಯಂಥ ಸಂದರ್ಭಗಳಿಗೆಂದು ಅಮೆರಿಕದ ಪೊಲೀಸರು ಕಟ್ಟಿಕೊಂಡಿರುವ ಶಸ್ತ್ರಸಜ್ಜಿತ ತಂಡದ ಹೆಸರು ‘ಸ್ಪೆಷಲ್ ವೆಪನ್ಸ್ ಆ್ಯಂಡ್ ಟ್ಯಾಕ್ಟಿಕ್ಸ್’, ಚುಟುಕಾಗಿ ಸ್ವಾಟ್. ಸುಳ್ಳು ಕಥೆ ಕಟ್ಟಿ ಆ ತಂಡವನ್ನು ಬೇರೊಬ್ಬರ ಮನೆಗೆ ಕಳಿಸುವ ಚಾಳಿಯ ಬಗ್ಗೆ ಎಫ್‌ಬಿಐ 2008ರಲ್ಲೇ ಎಚ್ಚರಿಸಿತ್ತು. ಮೊದಮೊದಲು ಇದು ಆನ್‌ಲೈನ್ ಗೇಮ್ ಆಡುವ ಹುಡುಗರ ಸೇಡಿನ ಆಟವಾಗಿತ್ತು. ಆಮೇಲೆ ಹಾಲಿವುಡ್ ನಟರು, 2023ರ ಕ್ರಿಸ್‌ಮಸ್ ಹೊತ್ತಿಗೆ ಸಂಸದರು, ವಿಶೇಷ ಪ್ರಾಸಿಕ್ಯೂಟರ್ ಜಾಕ್ ಸ್ಮಿತ್, ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ನಿಕ್ಕಿ ಹೇಲಿ ಎಲ್ಲರ ಮನೆಗೂ ಇಂಥ ಕರೆ ಹೋಯಿತು. 2025ರ ಆಗಸ್ಟ್‌ನಲ್ಲಿ ಕಾಲೇಜು ಶುರುವಾಗುವ ವೇಳೆಗೆ ವಿಲ್ಲನೋವಾ ಸೇರಿದಂತೆ ಹಲವು ವಿಶ್ವವಿದ್ಯಾಲಯಗಳಲ್ಲಿ ‘ಬಂದೂಕುಧಾರಿ ಒಳಗಿದ್ದಾನೆ’ ಎಂಬ ಸುಳ್ಳು ಕರೆಗೆ ಮಕ್ಕಳು, ಅಪ್ಪ ಅಮ್ಮಂದಿರು ದಿಕ್ಕಾಪಾಲಾಗಿ ಓಡಿದರು.

ಕರೆ ಮಾಡುವವರು ಯಾರು? ಕ್ಯಾಲಿಫೋರ್ನಿಯಾದ ಲ್ಯಾಂಕ್ಯಾಸ್ಟರ್‌ನ ಅಲನ್ ಫಿಲಿಯನ್ ಎಂಬ ಹುಡುಗ 2022ರ ಆಗಸ್ಟ್‌ನಿಂದ 2024ರ ಜನವರಿಯವರೆಗೆ 375ಕ್ಕೂ ಹೆಚ್ಚು ಇಂಥ ಕರೆಗಳನ್ನು ಮಾಡಿದ್ದ. ಶಾಲೆ, ಮಸೀದಿ, ಸರ್ಕಾರಿ ಅಧಿಕಾರಿಗಳ ಮನೆ, ಯಾವುದನ್ನೂ ಬಿಟ್ಟಿರಲಿಲ್ಲ. ದುಡ್ಡು ಕೊಟ್ಟವರ ಪರವಾಗಿ ಕರೆ ಮಾಡಿಕೊಡುತ್ತೇನೆಂದು ಬೆಲೆಪಟ್ಟಿ ಹಾಕಿ ವ್ಯಾಪಾರವನ್ನೂ ನಡೆಸಿದ. ಸಿಕ್ಕಿಬಿದ್ದಾಗ ವಯಸ್ಸು 17. 2025ರ ಫೆಬ್ರವರಿಯಲ್ಲಿ ನಾಲ್ಕು ವರ್ಷ ಸಜೆಯಾಯಿತು. ಮುಸುಕು ಹಾಕಿದ ಮಹಾ ಹ್ಯಾಕರ್‌ನನ್ನು ಕಲ್ಪಿಸಿಕೊಂಡವರಿಗೆ ನಿರಾಸೆಯಾಗಬಹುದು.

ಅಮೆರಿಕದಲ್ಲಿ ಇದು ಇಷ್ಟು ಸಲೀಸಾಗಿ ನಡೆಯುವುದೇಕೆ ಎಂಬ ಪ್ರಶ್ನೆ ಇಲ್ಲಿ ಕುಳಿತವರಿಗೆ ಬರುವುದು ಸಹಜ. ಬೆಂಗಳೂರಿನಲ್ಲಿ 112ಕ್ಕೆ ಕರೆ ಮಾಡಿದರೆ ಹೊಯ್ಸಳ ಗಾಡಿ ಬರುತ್ತದೆ. ಪೊಲೀಸರು ಇಳಿದು ‘ಏನ್ರೀ ಗಲಾಟೆ?’ ಎಂದು ಮೊದಲು ಕೇಳುತ್ತಾರೆ. ಅಮೆರಿಕದಲ್ಲಿ ಯಾವ ಮನೆಯೊಳಗೂ ಬಂದೂಕು ಇರಬಹುದು, ಆದ್ದರಿಂದ ಪೊಲೀಸರು ಹಾಗೆಂದುಕೊಂಡೇ ಬರುತ್ತಾರೆ. ಒಳಗೆ ಒಬ್ಬನನ್ನು ಕೊಂದಿದ್ದಾರೆ, ಇನ್ನಿಬ್ಬರು ಒತ್ತೆಯಲ್ಲಿದ್ದಾರೆ ಎಂದಮೇಲೆ ನಿಧಾನಿಸಿದರೂ ತಪ್ಪು, ಅವಸರಿಸಿದರೂ ತಪ್ಪು. ನಮ್ಮಲ್ಲಿ ಇದರ ಹತ್ತಿರದ ನೆಂಟನೆಂದರೆ ಹುಸಿ ಬಾಂಬ್ ಇಮೇಲ್. 2023ರ ಡಿಸೆಂಬರ್ 1ರಂದು ಬೆಂಗಳೂರು ಮತ್ತು ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಂದಿತಲ್ಲ, ಅಂಥದ್ದು. ಅವತ್ತು ಮಕ್ಕಳನ್ನು ಕರೆತರಲು ಓಡಿದ ಪೋಷಕರಿಗೆ ಆ ಭಯ ಏನೆಂದು ಗೊತ್ತು. ಆದರೆ ಮನೆಬಾಗಿಲಿಗೆ ಬಂದೂಕು ಬರುವ ಅಪಾಯ ಹೆಚ್ಚಾಗಿ ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಯಂಥ ಕಡೆ ನೆಲೆಸಿರುವ ನಮ್ಮವರದು. ಅವರಿಗಾಗಿಯೂ, ಆರು ತಿಂಗಳ ಮಟ್ಟಿಗೆ ಮಗನ ಮನೆಗೆಂದು ಹೊರಟಿರುವ ಅಪ್ಪ ಅಮ್ಮಂದಿರಿಗಾಗಿಯೂ ಮುಂದಿನ ಮಾತು.

ಒಂದು ಕರೆ ಸಾವಿನವರೆಗೆ ಹೇಗೆ ಹೋಗುತ್ತದೆಂದು ತಿಳಿಯಲು ಕಾನ್ಸಸ್ ರಾಜ್ಯದ ವಿಚಿಟಾ ಪ್ರಕರಣವನ್ನು ನೋಡಲೇಬೇಕು. 2017ರ ಡಿಸೆಂಬರ್‌ನಲ್ಲಿ ಇಬ್ಬರು ಹುಡುಗರು ‘ಕಾಲ್ ಆಫ್ ಡ್ಯೂಟಿ’ ಎಂಬ ಆನ್‌ಲೈನ್ ಗೇಮ್ ಆಡುತ್ತ ಜಗಳವಾಡಿದರು. ಪಂದ್ಯದ ಮೊತ್ತ ಒಂದೂವರೆ ಡಾಲರ್. ಒಬ್ಬ ಓಹಾಯೊದವನು, ಇನ್ನೊಬ್ಬ ವಿಚಿಟಾದವನು. ಓಹಾಯೊದವನು ಲಾಸ್ ಏಂಜಲೀಸಿನ ಟೈಲರ್ ಬ್ಯಾರಿಸ್ ಎಂಬವನನ್ನು ಹಿಡಿದ. ಸ್ವಾಟಿಂಗ್‌ನಲ್ಲಿ ಈತ ಪಳಗಿದ ಕೈ. ‘ಬಾ ನೋಡೋಣ’ ಎಂದು ಸವಾಲು ಹಾಕಿದ ವಿಚಿಟಾ ಹುಡುಗ, ತನ್ನ ಕುಟುಂಬ ಹಿಂದೆ ಬಾಡಿಗೆಗಿದ್ದ ಮನೆಯ ವಿಳಾಸ ಕೊಟ್ಟ. ಬ್ಯಾರಿಸ್ ಎರಡು ಸಾವಿರ ಕಿಲೋಮೀಟರ್ ದೂರದಿಂದ ವಿಚಿಟಾ ನಗರಾಡಳಿತದ ಕಚೇರಿಗೆ ಫೋನ್ ಮಾಡಿದ. ಅಲ್ಲಿಂದ ಕರೆ ತುರ್ತು ಸೇವೆಯ ನಂಬರ್ 911ಕ್ಕೆ ವರ್ಗವಾಯಿತು. ಅಪ್ಪನ ತಲೆಗೆ ಗುಂಡಿಟ್ಟಿದ್ದೇನೆ, ಮನೆಯವರನ್ನು ಬಂದೂಕಿನ ಮುಂದೆ ಕೂರಿಸಿದ್ದೇನೆ, ಪೆಟ್ರೋಲ್ ಸುರಿದಿದ್ದೇನೆ ಎಂದ.

ಆ ಮನೆಯಲ್ಲಿದ್ದ 28 ವರ್ಷದ ವ್ಯಕ್ತಿಗೆ, ಇಬ್ಬರು ಮಕ್ಕಳ ತಂದೆಗೆ, ಗೇಮ್‌ಗೂ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಹೊರಗೆ ಬೆಳಕು ಕಂಡು ಬಾಗಿಲು ತೆರೆದರು. ಕೈ ಮೇಲೆತ್ತಲು ಪೊಲೀಸರು ಕೂಗಿದರು. ಕೈ ಸೊಂಟದ ಕಡೆ ಇಳಿದಂತೆ ಕಂಡಿತೆಂದು ಬೀದಿಯಾಚೆ ನಿಂತಿದ್ದ ಒಬ್ಬ ಪೊಲೀಸ್ ಗುಂಡು ಹಾರಿಸಿದ. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿದಿತ್ತು. ಕೈ ಖಾಲಿಯಾಗಿತ್ತು. ಬ್ಯಾರಿಸ್‌ಗೆ 2019ರಲ್ಲಿ 20 ವರ್ಷ ಸಜೆಯಾಯಿತು. ವಿಚಿಟಾ ನಗರ 2023ರಲ್ಲಿ ಆ ಕುಟುಂಬಕ್ಕೆ 50 ಲಕ್ಷ ಡಾಲರ್ ಕೊಡಲು ಒಪ್ಪಿತು.

ಈ ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಾಗಿಲ ಹೊರಗೆ ನಿಂತ ಪೊಲೀಸರ ತಲೆಯಲ್ಲಿ ಆ ಗಳಿಗೆಯಲ್ಲಿ ಇದ್ದದ್ದು ಒಂದೇ ಮಾಹಿತಿ, ಅದೂ ಸುಳ್ಳು. ಫೇರ್‌ಫ್ಯಾಕ್ಸ್‌ನಲ್ಲಿ ಎರಡನೆಯ ಮಾಹಿತಿಯೊಂದು ಹಳೆಯ ದೂರಿನ ರೂಪದಲ್ಲಿ ಇಲಾಖೆಯ ಬಳಿ ಮೊದಲೇ ಇತ್ತು. ವಿಚಿಟಾದಲ್ಲಿ ಏನೂ ಇರಲಿಲ್ಲ. ನಾವು ಮಾಡಬಹುದಾದ್ದೆಲ್ಲ ಈ ಅಂತರದ ಸುತ್ತಲೇ ಇದೆ: ವಿಳಾಸ ಸುಲಭಕ್ಕೆ ಸಿಗದಂತೆ ನೋಡಿಕೊಳ್ಳುವುದು, ಪೊಲೀಸರಿಗೆ ಮೊದಲೇ ನಿಜ ತಿಳಿಸಿಡುವುದು, ಅವರು ಬಂದೇಬಿಟ್ಟರೆ ಖಾಲಿ ಕೈ ಕಾಣಿಸುವುದು.

ಎಲ್ಲರೂ ಇದಕ್ಕೆ ನಿದ್ದೆಗೆಡಬೇಕಿಲ್ಲ. ಮನೆಯ ಹುಡುಗ ಗೇಮ್ ಆಡುತ್ತ ಲೈವ್ ಸ್ಟ್ರೀಮ್ ಮಾಡುತ್ತಾನೆಯೆ? ನೀವು ಸ್ಕೂಲ್ ಬೋರ್ಡಿಗೋ ಸಿಟಿ ಕೌನ್ಸಿಲ್ಲಿಗೋ ಚುನಾವಣೆಗೆ ನಿಂತಿದ್ದೀರಾ? ಜಗಳ ಎಬ್ಬಿಸುವ ವಿಷಯಗಳ ಬಗ್ಗೆ ನಿಜಹೆಸರಿನಲ್ಲಿ ಬರೆಯುತ್ತೀರಾ? ಬಿಟ್ಟುಹೋದ ಸಂಗಾತಿಯ ಕಾಟವಿದೆಯೆ? ಹಾಗಿದ್ದರೆ ಒಂದು ಶನಿವಾರ ಇದಕ್ಕೆಂದು ಎತ್ತಿಡಿ. ಚಿಕ್ಕ ಚೊಕ್ಕ ಯೂಸರ್‌ನೇಮ್ ಇಟ್ಟುಕೊಂಡವರೂ ಗುರಿಯಾಗುತ್ತಾರೆ. 2020ರ ಏಪ್ರಿಲ್‌ನಲ್ಲಿ ಟೆನೆಸ್ಸಿ ರಾಜ್ಯದ 60 ವರ್ಷದ ಅಜ್ಜನೊಬ್ಬರು ‘ಟೆನೆಸ್ಸಿ’ ಎಂಬ ತಮ್ಮ ಟ್ವಿಟರ್ ಹೆಸರನ್ನು ಬಿಟ್ಟುಕೊಡಲಿಲ್ಲವೆಂದು, ಅದರ ಮೇಲೆ ಕಣ್ಣಿಟ್ಟಿದ್ದ ಗುಂಪೊಂದು ಅವರ ಮನೆಗೆ ಪೊಲೀಸರನ್ನು ಕಳಿಸಿತು. ಬಂದೂಕುಗಳ ಮುಂದೆ ಅವರಿಗೆ ಹೃದಯಾಘಾತವಾಗಿ ಜೀವ ಹೋಯಿತು. ಆ ಗುಂಪು ತನ್ನ ಗುರಿಗಳ ಮನೆಗೆ ಕೇಳದ ಪಿಜ್ಜಾವನ್ನೂ ಕಳಿಸುತ್ತಿತ್ತು. ಆರ್ಡರ್ ಮಾಡದ ಊಟ ಮತ್ತೆ ಮತ್ತೆ ಬಾಗಿಲಿಗೆ ಬರುತ್ತಿದ್ದರೆ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಸುಮ್ಮನಾಗಬೇಡಿ. ‘ನಿನ್ನ ವಿಳಾಸ ನನಗೆ ಗೊತ್ತು’ ಎಂದು ಹೇಳುವ ದಾರಿ ಅದು.

ವಿಳಾಸದ ವಿಷಯದಲ್ಲಿ ನಮ್ಮವರಿಗೊಂದು ವಿಶೇಷ ಕಷ್ಟವಿದೆ. ಜಾನ್ ಸ್ಮಿತ್ ಎಂದು ಹುಡುಕಿದರೆ ಒಂದೇ ಊರಿನಲ್ಲಿ ಎಷ್ಟೋ ಜನ ಸಿಗುತ್ತಾರೆ. ತಾತನ ಊರಿನ ಹೆಸರನ್ನು ಕೊನೆಗೆ ಸೇರಿಸಿಕೊಂಡ ಕನ್ನಡಿಗ ಆ ಇಡೀ ಕೌಂಟಿಗೆ ಒಬ್ಬನೇ ಇರುತ್ತಾನೆ. ಅಮೆರಿಕದಲ್ಲಿ ಮನೆ ಕೊಂಡರೆ ಅದು ಕೌಂಟಿಯ ಸಾರ್ವಜನಿಕ ದಾಖಲೆ. ಅದನ್ನೂ ಇತರ ದಾಖಲೆಗಳನ್ನೂ ಗುಡ್ಡೆಹಾಕಿ ಮಾರುವ ವೈಟ್‌ಪೇಜಸ್, ಸ್ಪೋಕಿಯೊ, ಬೀನ್‌ವೆರಿಫೈಡ್‌ನಂಥ ತಾಣಗಳು ಹೆಸರು ಕೊಟ್ಟರೆ ವಿಳಾಸ, ಫೋನ್, ಹಳೆಯ ಮನೆ, ನೆಂಟರ ಪಟ್ಟಿಯನ್ನೂ ಮುಂದಿಡುತ್ತವೆ. ಪ್ರತಿ ತಾಣದಲ್ಲೂ ‘ಆಪ್ಟ್ ಔಟ್’ ಪುಟ ಇರುತ್ತದೆ, ಅಲ್ಲಿ ನಿಮ್ಮ ವಿವರ ತೆಗೆಸಬಹುದು. ಕೆಲವು ತಿಂಗಳಲ್ಲಿ ಅದು ಮತ್ತೆ ಚಿಗುರುವುದುಂಟು, ಆಗ ಮತ್ತೆ ತೆಗೆಸಬೇಕು. ಬೇಸರದ ಕೆಲಸ, ಆದರೆ ಇಡೀ ರಕ್ಷಣೆಯಲ್ಲಿ ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಲೆಕ್ಕ. ಗೂಗಲ್‌ನ ‘ರಿಸಲ್ಟ್ಸ್ ಅಬೌಟ್ ಯು’ ಸೌಲಭ್ಯದಲ್ಲಿ ವಿಳಾಸ, ಫೋನ್ ನಂಬರ್ ಕೊಟ್ಟಿಟ್ಟರೆ ಹುಡುಕಾಟದಲ್ಲಿ ಅವು ಕಂಡಾಗ ತಿಳಿಸುತ್ತದೆ, ಫಲಿತಾಂಶದಿಂದ ತೆಗೆಯಲು ಕೋರಿಕೆಯನ್ನೂ ಸಲ್ಲಿಸಬಹುದು. ಮೂಲ ತಾಣದಲ್ಲಿ ಮಾತ್ರ ಮಾಹಿತಿ ಹಾಗೇ ಉಳಿದಿರುತ್ತದೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ 2023ರ ಡಿಲೀಟ್ ಆ್ಯಕ್ಟ್ ಅಡಿಯಲ್ಲಿ, ನೋಂದಾಯಿತ ಮಾಹಿತಿ ದಲ್ಲಾಳಿಗಳಿಗೆಲ್ಲ ಒಂದೇ ಅರ್ಜಿಯಲ್ಲಿ ‘ಅಳಿಸಿ’ ಎನ್ನುವ ಹಕ್ಕಿದೆ.

ಇನ್ನು ನಾವೇ ಕೈಯಾರೆ ಹಂಚಿಕೊಂಡದ್ದು. ಗೃಹಪ್ರವೇಶದ ಫೋಟೊದಲ್ಲಿ ಮಾವಿನ ತೋರಣದ ಪಕ್ಕದಲ್ಲೇ ಮನೆ ನಂಬರ್ ಎದ್ದು ಕಾಣುತ್ತಿರುತ್ತದೆ. ಕನ್ನಡ ಕೂಟದ ಹಳೆಯ ಸದಸ್ಯರ ಪಟ್ಟಿ ಎಲ್ಲೋ ಪಿಡಿಎಫ್ ಆಗಿ ಬಿದ್ದಿರಬಹುದು, ಕಾರ್ಯದರ್ಶಿಗೆ ಒಂದು ಮಾತು ಹೇಳಿ ತೆಗೆಸಿ. ಸ್ವಂತ ವೆಬ್‌ಸೈಟಿನ ಡೊಮೇನ್ ನೋಂದಣಿಯಲ್ಲಿ ಪ್ರೈವಸಿ ಆಯ್ಕೆ ಹಾಕಿದ್ದೀರಾ ನೋಡಿ. ಗೇಮ್ ಆಡುವ ಮಗನಿಗೆ ಎಲ್ಲ ಕಡೆ ಒಂದೇ ಯೂಸರ್‌ನೇಮ್ ಬೇಡವೆನ್ನಿ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಹೆಸರೂ ಶಾಲೆಯ ಈಜು ತಂಡದ ಇನ್‌ಸ್ಟಾಗ್ರಾಮ್‌ನ ಹೆಸರೂ ಒಂದೇ ಆದರೆ ಉಳಿದದ್ದನ್ನು ಹುಡುಕಲು ಹತ್ತು ನಿಮಿಷ ಸಾಕು. ಸ್ಟ್ರೀಮ್ ಮಾಡುವಾಗ ಕಿಟಕಿಯಾಚೆಯ ಬೀದಿ, ಮೇಜಿನ ಮೇಲಿನ ಪಾರ್ಸೆಲ್ ಚೀಟಿ ಕ್ಯಾಮೆರಾಗೆ ಕಾಣದಿರಲಿ.

ಮನೆಗೆ ಹಾಕಿಸಿದ ಕ್ಯಾಮೆರಾ ಕೂಡ ತಿರುಗಿಬೀಳಬಹುದು. 2020ರ ನವೆಂಬರ್‌ನಲ್ಲಿ ಒಂದು ವಾರದ ಅವಧಿಯಲ್ಲಿ ಇಬ್ಬರು ಯುವಕರು ಹಲವರ ಯಾಹೂ ಇಮೇಲ್ ಖಾತೆಗಳಿಗೆ ನುಗ್ಗಿ, ಅದೇ ಪಾಸ್‌ವರ್ಡ್ ಅವರ ರಿಂಗ್ ಡೋರ್‌ಬೆಲ್ ಕ್ಯಾಮೆರಾಕ್ಕೂ ಹೊಂದುತ್ತದೆಯೇ ಎಂದು ನೋಡಿದರು. ಹೊಂದಿದ ಮನೆಗಳಿಗೆ ಸುಳ್ಳು ಕರೆ ಮಾಡಿ ಪೊಲೀಸರನ್ನು ಕರೆಸಿದರು, ಬಂದದ್ದನ್ನು ಅದೇ ಕ್ಯಾಮೆರಾದಿಂದ ನೇರಪ್ರಸಾರ ಮಾಡಿದರು, ಕೆಲವೆಡೆ ಡೋರ್‌ಬೆಲ್ ಮೂಲಕವೇ ಪೊಲೀಸರನ್ನು ಕೆಣಕಿದರು. ಆ ವರ್ಷದ ಕೊನೆಗೆ ಎಫ್‌ಬಿಐ ಇದೇ ಎಚ್ಚರಿಕೆ ಕೊಟ್ಟಿತು: ಕ್ಯಾಮೆರಾಕ್ಕೆ ಬೇರೆಯದೇ ಪಾಸ್‌ವರ್ಡ್, ಜೊತೆಗೆ ಎರಡನೆಯ ಹಂತದ ದೃಢೀಕರಣ. ಐದು ನಿಮಿಷದ ಕೆಲಸ, ಇವತ್ತೇ ಮುಗಿಸಬಹುದು.

ಇಷ್ಟೆಲ್ಲ ಮಾಡಿದರೂ ವಿಳಾಸ ಸೋರಬಹುದು. ಆಗ ಕೈಹಿಡಿಯುವುದು ಪೊಲೀಸರಿಗೆ ಮೊದಲೇ ಕೊಟ್ಟಿಟ್ಟ ಮಾಹಿತಿ. ನಿಮ್ಮ ಊರಿನ ಪೊಲೀಸರ ತುರ್ತಲ್ಲದ ನಂಬರಿಗೆ ಫೋನ್ ಮಾಡಿ (911ಕ್ಕೆ ಬೇಡ), ಸ್ವಾಟಿಂಗ್ ಭಯವಿದೆ, ನಮ್ಮ ವಿಳಾಸದ ಮೇಲೆ ಒಂದು ಟಿಪ್ಪಣಿ ಹಾಕಬಹುದೇ ಎಂದು ಕೇಳಿ. ಕರೆ ಸ್ವೀಕರಿಸುವವರ ಕಂಪ್ಯೂಟರಿನಲ್ಲಿ ಆ ವಿಳಾಸ ತೆರೆದಾಗ ಈ ಟಿಪ್ಪಣಿ ಕಾಣುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಸಿಯಾಟಲ್ ಪೊಲೀಸರು 2018ರಲ್ಲೇ ಇದಕ್ಕೆಂದು ನೋಂದಣಿ ಶುರುಮಾಡಿದರು. ಮನೆಯಲ್ಲಿ ಯಾರಾರಿದ್ದಾರೆ, ಯಾವ ನಂಬರಿಗೆ ಫೋನ್ ಮಾಡಿದರೆ ಖಂಡಿತ ಎತ್ತುತ್ತೀರಿ, ನಾಯಿ ಇದೆಯೇ, ಇಂಗ್ಲಿಷ್ ಬಾರದ ಹಿರಿಯರು ಇದ್ದಾರೆಯೇ, ಬೆದರಿಕೆ ಬಂದಿದ್ದರೆ ಎಲ್ಲಿಂದ, ಇಷ್ಟನ್ನು ಹೇಳಿ. ಬೆದರಿಕೆಯ ಸ್ಕ್ರೀನ್‌ಶಾಟ್ ಇದ್ದರೆ ದೂರನ್ನೇ ಕೊಟ್ಟು ಅದರ ನಂಬರ್ ಇಟ್ಟುಕೊಳ್ಳಿ. ಫೋನಿನಾಚೆಯ ಸಿಬ್ಬಂದಿಗೆ ಸ್ವಾಟಿಂಗ್ ಅಂದರೇನೆಂದೇ ತಿಳಿಯದಿದ್ದರೆ ಮೇಲಿನವರೊಂದಿಗೆ ಮಾತಾಡಬೇಕೆಂದು ಕೇಳಿ, ಸಂಕೋಚ ಬೇಡ. ಕ್ರೆಬ್ಸ್ ದೂರು ಬರೆದುಕೊಂಡ ಪೊಲೀಸನಿಗೂ ಅದು ಗೊತ್ತಿರಲಿಲ್ಲ.

ಟಿಪ್ಪಣಿ ಇದೆಯೆಂದು ಪೊಲೀಸರು ಬರದೆ ಇರುವುದಿಲ್ಲ, ಬರಲೂ ಬೇಕು. ನಾಳೆ ನಿಜವಾಗಿಯೇ ಆಪತ್ತು ಬಂದರೆ? ಟಿಪ್ಪಣಿಯಿಂದ ಆಗುವುದೆಂದರೆ, ಅವರು ಬಾಗಿಲು ಒಡೆಯುವ ಮೊದಲು ಒಂದು ಫೋನ್ ಮಾಡುವ ಸಾಧ್ಯತೆ ಹೆಚ್ಚುತ್ತದೆ. ಆ ಫೋನನ್ನು ಎತ್ತುವುದು ನಿಮ್ಮ ಪಾಲಿನ ಕೆಲಸ. ಸ್ಪ್ಯಾಮ್ ಕಾಲುಗಳ ಕಾಟಕ್ಕೆ ಅಪರಿಚಿತ ನಂಬರುಗಳನ್ನೆಲ್ಲ ಸೈಲೆಂಟ್ ಮಾಡಿಟ್ಟಿದ್ದರೆ ಪೊಲೀಸರ ತುರ್ತಲ್ಲದ ನಂಬರನ್ನಾದರೂ ಕಾಂಟ್ಯಾಕ್ಟ್‌ನಲ್ಲಿ ಸೇರಿಸಿಡಿ. ಮನೆ ಬದಲಿಸಿದಾಗ ಹೊಸ ವಿಳಾಸಕ್ಕೆ ಟಿಪ್ಪಣಿ ಹಾಕಿಸಿ, ಹಳೆಯ ಮನೆಯ ವಿಷಯವನ್ನೂ ತಿಳಿಸಿ. ನಿಮ್ಮ ಮೇಲಿನ ಸಿಟ್ಟಿಗೆ ಅಲ್ಲಿಗೆ ಬಂದ ಹೊಸ ಬಾಡಿಗೆದಾರರು ಬಲಿಯಾಗಬಾರದು.

ಈಗ ಬಾಗಿಲಿನ ಮಾತು. ಇದನ್ನು ಮನೆಮಂದಿಯೆಲ್ಲ ಒಂದು ಸಂಜೆ ಕುಳಿತು ಆಡಿ ಮುಗಿಸಬೇಕು, ಚಿಕ್ಕವರನ್ನೂ ಸೇರಿಸಿಕೊಂಡು. ಹೊರಗೆ ಕೆಂಪು ನೀಲಿ ದೀಪ ಕಂಡರೆ, ಮೆಗಾಫೋನಿನಲ್ಲಿ ನಿಮ್ಮ ಮನೆ ನಂಬರ್ ಕೇಳಿದರೆ, ‘ಏನಪ್ಪಾ ಇದು’ ಎಂದು ಕುತೂಹಲಕ್ಕೆ ಬಾಗಿಲು ತೆಗೆಯಬೇಡಿ. ನೀವೇ 911ಕ್ಕೆ ಕರೆ ಮಾಡಿ: ಇಂಥ ವಿಳಾಸದ ಒಳಗಿದ್ದೇನೆ, ಹೊರಗೆ ಪೊಲೀಸರಿದ್ದಾರೆ, ಇಲ್ಲಿ ಯಾರಿಗೂ ಏನೂ ಆಗಿಲ್ಲ, ಇದು ಸ್ವಾಟಿಂಗ್ ಇರಬಹುದು, ಇಷ್ಟು ಜನ ಇದ್ದೇವೆ, ಇಂಥ ಬಟ್ಟೆ ತೊಟ್ಟಿದ್ದೇನೆ, ಏನು ಮಾಡಬೇಕು ಹೇಳಿ. ಅವರು ಹೇಳಿದಂತೆ ಮಾಡಿ. ಹೊರಗೆ ಬರುವಾಗ ಕೈಯಲ್ಲಿ ಏನೂ ಇರಬಾರದು, ಫೋನ್ ಕೂಡ. ಕತ್ತಲಲ್ಲಿ ಮೊಬೈಲ್ ಬಂದೂಕಿನಂತೆಯೇ ಕಾಣುತ್ತದೆ. ಬೆರಳು ಬಿಡಿಸಿದ ಎರಡೂ ಕೈ ಮೇಲಿರಲಿ. ಮೂಗು ತುರಿಸಿತೆಂದೋ ಪಂಚೆ ಸಡಿಲವಾಯಿತೆಂದೋ ಕೈ ಇಳಿಸಬಾರದು. ಪಂಚೆಯ ಮಾತನ್ನು ನಗೆಗೆ ಹೇಳಿದ್ದಲ್ಲ, ಸೊಂಟದ ಕಡೆಗೆ ಹೋದ ಕೈಯೇ ಅವರಿಗೆ ಭಯ. ವಾದ, ಸಿಟ್ಟು, ‘ನಾನು ಟ್ಯಾಕ್ಸ್ ಕಟ್ಟುತ್ತೇನೆ’, ಇವೆಲ್ಲ ಕೋಳ ಬಿಚ್ಚಿದ ಮೇಲೆ.

ಹಗಲು ಹೊತ್ತು ಮನೆಯಲ್ಲಿರುವವರು ಹೆಚ್ಚಾಗಿ ಊರಿನಿಂದ ಬಂದ ಅಜ್ಜ ಅಜ್ಜಿ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮಗನ ಮನೆಗೆ ಬಂದಿದ್ದ 57 ವರ್ಷದ ಗುಜರಾತಿ ತಂದೆಯೊಬ್ಬರು ಬೀದಿಯಲ್ಲಿ ವಾಕಿಂಗ್ ಮಾಡುತ್ತಿದ್ದಾಗ, ಯಾರೋ ‘ಅನುಮಾನಾಸ್ಪದ ವ್ಯಕ್ತಿ’ ಎಂದು ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ನೆಲಕ್ಕೆ ಕೆಡವಿದ ರಭಸಕ್ಕೆ ಬೆನ್ನುಹುರಿಗೆ ಪೆಟ್ಟಾಗಿ ಅಂಗಾಂಗ ಸ್ವಾಧೀನ ತಪ್ಪಿತು. ಅದು ಸ್ವಾಟಿಂಗ್ ಅಲ್ಲ. ಆದರೆ ಪೊಲೀಸರ ಮಾತು ಅರ್ಥವಾಗದಿದ್ದರೆ ಏನಾಗಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾಗಿ ಅಪ್ಪ ಅಮ್ಮ ಬಂದ ವಾರದಲ್ಲೇ, ಮೈಕ್ರೋವೇವ್ ಹೇಗೆ ಬಳಸುವುದೆಂದು ಹೇಳಿಕೊಟ್ಟಂತೆ ಇದನ್ನೂ ಹೇಳಿಕೊಡಿ. ‘ಹ್ಯಾಂಡ್ಸ್ ಅಪ್’, ‘ಡೋಂಟ್ ಮೂವ್’, ‘ಶೋ ಮಿ ಯುವರ್ ಹ್ಯಾಂಡ್ಸ್’, ‘ಗೆಟ್ ಡೌನ್’. ಈ ನಾಲ್ಕನ್ನು ಕಿವಿಗೆ ಬೀಳುವಂತೆ ಜೋರಾಗಿ ಕೂಗಿ ಅಭ್ಯಾಸ ಮಾಡಿಸಿ. ಸಿನಿಮಾದಲ್ಲಿ ಕೇಳಿದ್ದೇವೆ ಎನ್ನುತ್ತಾರೆ. ಆದರೆ ಅಮೆರಿಕನ್ ಉಚ್ಚಾರಣೆಯಲ್ಲಿ, ಗಾಬರಿಯ ನಡುವೆ ಕೇಳುವುದೇ ಬೇರೆ. ಏನೂ ತಿಳಿಯದಿದ್ದರೆ ಕೈ ಮೇಲೆತ್ತಿ ನಿಂತಲ್ಲೇ ನಿಲ್ಲಿ, ‘ನೋ ಇಂಗ್ಲಿಷ್, ಕನ್ನಡ’ ಎನ್ನಿ ಎಂದು ಹೇಳಿ. ಹೆಸರು, ಮಗನ ಫೋನ್ ನಂಬರ್ ಬರೆದ ಚೀಟಿಯನ್ನು ಜೇಬಿನಲ್ಲಿಡುವ ಅಭ್ಯಾಸ ನಮ್ಮ ಹಿರಿಯರಿಗಿದೆ. ವಾಕಿಂಗ್ ಹೋಗುವಾಗ ಅದು ಸರಿ, ಬಂದೂಕಿನ ಮುಂದೆ ಆ ಚೀಟಿಗಾಗಿ ಜೇಬಿಗೆ ಕೈಹಾಕುವುದು ಮಾತ್ರ ಬೇಡವೇ ಬೇಡ. ಅದೇ ವಿವರವನ್ನು ದಪ್ಪಕ್ಷರದಲ್ಲಿ ಬರೆದು ಮುಂಬಾಗಿಲಿನ ಒಳಗೋಡೆಗೆ ಅಂಟಿಸಿ. ಕಿವಿ ಮಂದವಿದ್ದರೆ, ಪೇಸ್‌ಮೇಕರ್ ಇದ್ದರೆ ಪೊಲೀಸ್ ಟಿಪ್ಪಣಿಯಲ್ಲಿ ಅದೂ ಇರಲಿ.

ಕಾನೂನಿನ ಬಗ್ಗೆ ಎರಡೇ ಮಾತು. ಬ್ಯಾರಿಸ್, ಫಿಲಿಯನ್ ಮುಂತಾದವರಿಗೆ ಶಿಕ್ಷೆಯಾಗಿದ್ದು ಸುಳ್ಳು ಮಾಹಿತಿ, ಅಂತರರಾಜ್ಯ ಬೆದರಿಕೆಯಂಥ ಫೆಡರಲ್ ಕಲಮುಗಳಡಿ. ರಾಜ್ಯಗಳ ಕಾನೂನುಗಳು ಬೇರೆ ಇವೆ. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಟೆಡ್ ಲ್ಯೂ ಎಂಬ ಸೆನೆಟರ್, ಪೊಲೀಸರು ಬಂದ ಖರ್ಚನ್ನು ತಪ್ಪಿತಸ್ಥನಿಂದಲೇ ವಸೂಲಿ ಮಾಡುವ ಮಸೂದೆ ತಂದಾಗ, ಅವರ ಮನೆಗೇ ಸುಳ್ಳು ಕರೆ ಮಾಡಿ ಪೊಲೀಸರನ್ನು ಕಳಿಸಿದ್ದರು! ಭಾರತದಲ್ಲಿ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಸರ್ಕಾರಿ ನೌಕರರಿಗೆ ಸುಳ್ಳು ಮಾಹಿತಿ ಕೊಡುವುದಕ್ಕೂ, 351(4) ಹೆಸರು ಮುಚ್ಚಿಟ್ಟು ಬೆದರಿಸುವುದಕ್ಕೂ ಅನ್ವಯಿಸುತ್ತದೆ. ಕರೆ ಮಾಡುವವನು ನಮ್ಮ ಮನೆಯ ಹುಡುಗನೇ ಆಗಿರಬಹುದೆಂಬುದನ್ನೂ ಮರೆಯಬಾರದು. 2012ರಲ್ಲಿ ನಟ ಆ್ಯಷ್ಟನ್ ಕುಚರ್ ಮನೆಗೆ ಪೊಲೀಸರನ್ನು ಕಳಿಸಿದವನ ವಯಸ್ಸು ಬರೀ 12. ವೀಸಾದ ಮೇಲಿರುವ ಕುಟುಂಬಕ್ಕೆ ಇಂಥ ಪ್ರಕರಣ ಜೈಲಿನ ಜೊತೆಗೆ ವಾಸದ ಹಕ್ಕಿಗೂ ಕುತ್ತು ತರಬಲ್ಲದು. ಮಗನಿಗೆ ಇದನ್ನು ಬಿಡಿಸಿ ಹೇಳಿ.

ಒಮ್ಮೆ ನಡೆದುಹೋದರೆ ಮನೆಯವರೆಲ್ಲ ನಡುಗುತ್ತಿರುತ್ತಾರೆ, ಮೊದಲು ಅವರನ್ನು ಕೂರಿಸಿ ನೀರು ಕೊಡಿ. ಪೊಲೀಸರು ಹೊರಡುವ ಮುನ್ನ ಪ್ರಕರಣದ ನಂಬರ್, ಅಧಿಕಾರಿಯ ಹೆಸರು ಕೇಳಿ ಬರೆದುಕೊಳ್ಳಿ. ಮುರಿದ ಬಾಗಿಲಿನ ಫೋಟೊ ತೆಗೆದಿಡಿ, ವಿಮೆಯವರು ಕೇಳುತ್ತಾರೆ. ಇಂಟರ್‌ನೆಟ್ ಅಪರಾಧಗಳ ದೂರಿಗೆಂದಿರುವ ಎಫ್‌ಬಿಐನ ಐಸಿ3 ತಾಣದಲ್ಲಿ ದೂರು ದಾಖಲಿಸಿ. ಭಯಬಿದ್ದ ಮಗ ತನ್ನ ಡಿಸ್ಕಾರ್ಡ್ ಖಾತೆಯನ್ನೇ ಅಳಿಸಲು ಹೊರಡುತ್ತಾನೆ, ತಡೆಯಿರಿ. ಜಗಳದ ಚಾಟ್, ಬೆದರಿಕೆ, ಯೂಸರ್‌ನೇಮ್, ಹೊತ್ತು ಎಲ್ಲವೂ ಸಾಕ್ಷಿ. ಬೈದು ಅವನ ಬಾಯಿ ಮುಚ್ಚಿಸಿದರೆ ಪೊಲೀಸರಿಗೆ ಬೇಕಾದ ಹೆಸರೂ ಅಲ್ಲೇ ಮುಚ್ಚಿಹೋಗುತ್ತದೆ. ಒಮ್ಮೆ ಕರೆ ಮಾಡಿ ರುಚಿ ಕಂಡವರು ಅದೇ ವಿಳಾಸಕ್ಕೆ ಮತ್ತೆ ಮಾಡುವುದಿದೆ. ಹಾಗಾಗಿ ಅದೇ ದಿನ ತುರ್ತಲ್ಲದ ನಂಬರಿಗೆ ಫೋನ್ ಮಾಡಿ ಟಿಪ್ಪಣಿಯಲ್ಲಿ ಪ್ರಕರಣದ ನಂಬರ್ ಸೇರಿಸಿ, ಪಕ್ಕದ ಮನೆಯವರಿಗೂ ಮಕ್ಕಳ ಶಾಲೆಗೂ ನಡೆದದ್ದನ್ನು ತಿಳಿಸಿ.